ಮನಸ್ಸಿನ ಗಾಯ ಈಮಾನಿನ ಕೊರತೆಯಲ್ಲ

ಅಪಘಾತದಲ್ಲಿ ಕಾಲು ಮುರಿದವನನ್ನು ನಾವು ತಡಮಾಡದೆ ಆಸ್ಪತ್ರೆಗೆ ಒಯ್ಯುತ್ತೇವೆ. ಅದೇ ಅಪಘಾತವನ್ನು ಕಣ್ಣಾರೆ ಕಂಡು ನಿದ್ದೆಗೆಟ್ಟವನಿಗೆ ಮಾತ್ರ ನಮಾಝ್ ಸರಿಯಾಗಿ ನಿರ್ವಹಿಸಲು ಹೇಳಿ ಸುಮ್ಮನಾಗುತ್ತೇವೆ. ನಮಾಝ್ ಹೃದಯಕ್ಕೆ ಸಾಂತ್ವನ ನೀಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನೊಂದವನ ಈಮಾನ್ ದುರ್ಬಲವಾಗಿದೆ ಎಂಬ ತೀರ್ಪು ನಮ್ಮ ಉಪದೇಶದಲ್ಲಿ ಅಡಗಿದ್ದರೆ ಅದು ಅನ್ಯಾಯ.

ಪುತ್ರ ಯೂಸುಫ್(ಅ)ರ ಅಗಲಿಕೆಯ ದುಃಖದಿಂದ ಪ್ರವಾದಿ ಯಅ್‌ಕೂಬ್(ಅ)ರ ಕಣ್ಣುಗಳು ಬೆಳ್ಳಗಾದುವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಪುಟ್ಟ ಮಗ ಇಬ್ರಾಹೀಮರ ಮರಣದ ವೇಳೆ ಪ್ರವಾದಿ ಮುಹಮ್ಮದ್(ಸ)ರು ಕಣ್ಣೀರಿಟ್ಟರು. ಅವರ ಈಮಾನನ್ನು ಯಾರು ತಾನೇ ಪ್ರಶ್ನಿಸಬಲ್ಲರು?

ಭೀಕರ ಘಟನೆಯೊಂದು ಮುಗಿದ ಮೇಲೂ ದೇಹ ಅದನ್ನು ಮರೆಯುವುದಿಲ್ಲ. ದುಃಸ್ವಪ್ನ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಎದೆಬಡಿತ, ಕಾರಣವಿಲ್ಲದ ಸಿಟ್ಟು, ಘಟನೆ ನಡೆದ ದಾರಿಯಲ್ಲಿ ಹೋಗಲು ಅಂಜಿಕೆ ಇವು ಅದರ ಲಕ್ಷಣಗಳು. ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಬಹುದು. ಅನೇಕರಲ್ಲಿ ಇವು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ತಿಂಗಳು ಕಳೆದರೂ ಉಳಿದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬಾರದು.

ಇಂತಹ ವೇಳೆ ಜಿನ್ನ್ ಬಾಧೆಯೆಂದು ಊರೂರು ಅಲೆಯುವ, ಮಗಳ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆಯನ್ನೇ ಮುಚ್ಚಿಡುವ ಕುಟುಂಬಗಳು ನಮ್ಮಲ್ಲಿವೆ. ಹೀಗೆ ಕಳೆದುಹೋಗುವುದು ಚಿಕಿತ್ಸೆಯ ಅಮೂಲ್ಯ ಕಾಲ. ರೋಗಕ್ಕೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರು ಆದೇಶಿಸಿದ್ದಾರೆ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದ್ದರು. ಮನಸ್ಸಿನ ಚಿಕಿತ್ಸೆ ನಮ್ಮ ಪರಂಪರೆಗೆ ಹೊಸತೇನಲ್ಲ.

ನೊಂದವರ ಬಳಿ ಕುಳಿತು ಆಲಿಸುವುದು ನಮ್ಮ ಮೊದಲ ಕರ್ತವ್ಯ. ನಡೆದುದನ್ನು ಹೇಳುವಂತೆ ಒತ್ತಾಯಿಸಬಾರದು; ಇತರರ ಕಷ್ಟದೊಂದಿಗೆ ಹೋಲಿಸಿ ಹಗುರಗೊಳಿಸಲೂಬಾರದು. ಊಟ, ನಿದ್ದೆ, ದಿನಚರಿ ಹಳಿಗೆ ಬರಲು ನೆರವಾಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಮಸೀದಿಯ ಸೂಚನಾ ಫಲಕದಲ್ಲಿ ಹಾಕಲು, ಜುಮಾ ಪ್ರವಚನದಲ್ಲಿ ಈ ವಿಷಯವನ್ನು ಪ್ರಸ್ತಾಪಿಸಲು ಜಮಾಅತ್‌ಗಳು ಮುಂದಾಗಲಿ.

ದುಆ ಮತ್ತು ಔಷಧ ಪರಸ್ಪರ ವಿರೋಧಿಗಳಲ್ಲ. ಗುಣಪಡಿಸುವವನು ಅಲ್ಲಾಹನು, ವೈದ್ಯರ ಬಾಗಿಲಿಗೆ ಹೋಗುವುದು ಅವನ ಮೇಲಿನ ಭರವಸೆಯ ಭಾಗವೇ ಆಗಿದೆ.