ಸೈಕಲ್ ಪಥ ಬಂದ್ರೆ ಅಂಗಡಿ ಮುಂದಿನ ಪಾರ್ಕಿಂಗ್ ಹೋಗುತ್ತಾ?

ಸೈಕಲ್‌ಗೆ ಪ್ರತ್ಯೇಕ ಪಥ ಅಂದ ಕೂಡಲೇ ವ್ಯಾಪಾರಿಗಳು ಕೇಳೋದು ಒಂದೇ: ಗಿರಾಕಿ ಗಾಡಿ ಎಲ್ಲಿ ನಿಲ್ಲಿಸಬೇಕು?

ನ್ಯೂಯಾರ್ಕ್‌ನ ಒಂಬತ್ತನೇ ಅವೆನ್ಯೂ 2007ರಲ್ಲೇ ಇದಕ್ಕೊಂದು ದಾರಿ ತೋರಿಸಿದೆ. ಅಲ್ಲಿ ಫುಟ್‌ಪಾತ್ ಪಕ್ಕ ಸೈಕಲ್ ಪಥ, ಅದರಾಚೆ ಪಾರ್ಕಿಂಗ್, ಆಮೇಲೆ ವಾಹನ ಸಂಚಾರ. ನಿಂತ ಕಾರುಗಳೇ ತಡೆಗೋಡೆ. ರಸ್ತೆ ದಾಟೋರಿಗೆ ನಡುವೆ ನಿಲ್ಲೋಕೆ ಕಟ್ಟೆಯೂ ಇದೆ. ಜಾಗ ಸಿಕ್ಕಿದ್ದು ವಾಹನಗಳ ನಾಲ್ಕು ಸಾಲನ್ನು ಮೂರಕ್ಕೆ ಇಳಿಸಿ.

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಗಿಡ್ಡ ಕಂಬ ನೆಟ್ಟು ಮಾಡಿದ ಪಥಕ್ಕೆ ಬೈಕ್‌ಗಳು ನುಗ್ಗಿದವು. ಕೊನೆಗೆ ಮೆಟ್ರೊ ಕಾಮಗಾರಿಗೆ ಪಥವೇ ಹೋಯ್ತು.

ನಮ್ಮ ಪೇಟೆ ಬೀದಿಗೂ ಇಂಥ ಯೋಜನೆ ಬಂದ್ರೆ ನಕ್ಷೆಯಲ್ಲಿ ಮೊದಲು ನೋಡಬೇಕಾದ್ದು, ಪಥಕ್ಕೆ ಜಾಗ ಎಲ್ಲಿಂದ ಅನ್ನೋದು. ಫುಟ್‌ಪಾತ್ ಕತ್ತರಿಸಿ ಕೊಟ್ರೆ ನಡೆಯೋರು ಮತ್ತೆ ರಸ್ತೆಗೇ ಇಳೀಬೇಕು.