ಬೆಲ್ಟ್ ಕೊಟ್ರು, ಕೊನೇ ಪಂದ್ಯ ಕೊಡ್ಲಿಲ್ಲ

ಟಿವಿಯಲ್ಲಿ ಬರೋ ಅಮೆರಿಕದ ಕುಸ್ತಿ ಎಲ್ಲಾ ಮೊದಲೇ ಬರೆದಿಟ್ಟ ನಾಟಕ ಅಂತ ಸಂಗಾತಿಗಳು ನಗ್ತಾರೆ. ನಾಟಕವೇ, ಒಪ್ಪಿದೆ. ಆದ್ರೆ ಯಾರು ಗೆಲ್ಲಬೇಕು ಅಂತ ಬರೆಯೋರು ಯಾರು? ನಾಟಕದಲ್ಲೂ ಕಪ್ಪು ಮನುಷ್ಯನನ್ನ ಗೆಲ್ಲಿಸೋಕೆ ಅವರಿಗೆ ಯಾಕೆ ಅಷ್ಟು ವರ್ಷ ಬೇಕಾಯ್ತು?

1962ರಲ್ಲಿ ಬಾಬೊ ಬ್ರೆಜಿಲ್ ಎಂಬ ಕಪ್ಪು ಕುಸ್ತಿಪಟು ಚಾಂಪಿಯನ್ ಬಡ್ಡಿ ರಾಜರ್ಸ್‌ನನ್ನು ಸೋಲಿಸಿದರು. ರಾಜರ್ಸ್‌ಗೆ ಗಾಯವಾಗಿತ್ತು ಅನ್ನೋ ಕಥೆ ಬಂತು. ಎನ್‌ಡಬ್ಲ್ಯೂಎ ಸಂಸ್ಥೆ ಆ ಗೆಲುವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಮೂವತ್ತು ವರ್ಷ ಕಳೆದು, 1992ರ ಆಗಸ್ಟ್ 2, ಬಾಲ್ಟಿಮೋರ್. ಡಬ್ಲ್ಯೂಸಿಡಬ್ಲ್ಯೂ ಕಂಪನಿಗೆ ಅದು ಒಳ್ಳೆ ಕಾಲ ಅಲ್ಲ. ರಿಕ್ ಫ್ಲೇರ್ ಹಿಂದಿನ ವರ್ಷವೇ ಬಿಟ್ಟು ಹೋಗಿದ್ದ. ಹೊಸ ಯಜಮಾನ ಬಿಲ್ ವಾಟ್ಸ್ ಮೇಲಿನ ಹಗ್ಗದಿಂದ ಹಾರೋದನ್ನೇ ನಿಷೇಧಿಸಿದ್ದರು. ಅಭಿಮಾನಿಗಳು ಆ ವರ್ಷವನ್ನ ನೆನೆಸಿಕೊಳ್ಳೋದೇ ಕಡಿಮೆ. ನೆನೆಸಿಕೊಂಡ್ರೂ ಈ ಪಂದ್ಯದ ಫಲಿತಾಂಶ ಹೇಳ್ತಾರೆ, ಪಂದ್ಯದ ಬಗ್ಗೆ ಮಾತಾಡಲ್ಲ.

ಅವತ್ತು ಚಾಂಪಿಯನ್ ವೇಡರ್ ಎದುರು ಸ್ಟಿಂಗ್ ಆಡಬೇಕಿತ್ತು. ಕಥೆ ಪ್ರಕಾರ ಜೇಕ್ ರಾಬರ್ಟ್ಸ್ ಅವನನ್ನ ಹೊಡೆದು ಮಲಗಿಸಿದ. ಬದಲಿ ಯಾರು ಅಂತ ಚೀಟಿ ಎತ್ತಿದ್ರು, ರಾನ್ ಸಿಮನ್ಸ್ ಹೆಸರು ಬಂತು. ಗಮನಿಸಿ: ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿ ಫುಟ್ಬಾಲ್ ತಂಡದಲ್ಲಿ ಅವರು ಧರಿಸಿದ್ದ 50ನೇ ನಂಬರಿಗೇ ನಿವೃತ್ತಿ ಕೊಟ್ಟು ಗೌರವಿಸಿದ್ದಾರೆ. ಅಂಥವರೂ ಕಥೆಯೊಳಗೆ ‘ಮೆರಿಟ್’ನಿಂದ ಬರಲಿಲ್ಲ, ಚೀಟಿಯಿಂದ ಬಂದ್ರು!

ಎದುರಿಗೆ ಸುಮಾರು 200 ಕೆಜಿ ದೈತ್ಯ. ಹಾರಾಟ ಇಲ್ಲ, ಚಮತ್ಕಾರ ಇಲ್ಲ. ಏಟು ತಿಂತಾರೆ, ಏಳ್ತಾರೆ, ತಿರುಗಿ ಕೊಡ್ತಾರೆ. ಕೊನೆಗೆ ಆ ದೇಹವನ್ನ ಎತ್ತಿ ನೆಲಕ್ಕೆ ಅಪ್ಪಳಿಸ್ತಾರೆ. ಒಂದು, ಎರಡು, ಮೂರು. ಆಮೇಲೆ ಸಿಮನ್ಸ್ ಅವರನ್ನಲ್ಲ, ಜನರನ್ನ ನೋಡಿ. ಕುರ್ಚಿ ಬಿಟ್ಟೆದ್ದು ಕುಣೀತಿದ್ದಾರೆ. ಅದನ್ನ ಯಾರೂ ಬರೆದುಕೊಟ್ಟಿರಲಿಲ್ಲ.

ಡಬ್ಲ್ಯೂಸಿಡಬ್ಲ್ಯೂ ವಿಶ್ವ ಪಟ್ಟ ಗೆದ್ದ ಮೊದಲ ಕಪ್ಪು ಕುಸ್ತಿಪಟು ಅವರು. ಮುಂದೇನಾಯ್ತು? ಕುಸ್ತಿ ಪ್ರದರ್ಶನದಲ್ಲಿ ಕೊನೇ ಪಂದ್ಯವೇ ದೊಡ್ಡ ಪಂದ್ಯ. ಅಕ್ಟೋಬರಿನ ಹ್ಯಾಲೋವೀನ್ ಹ್ಯಾವಕ್‌ನಲ್ಲಿ ಆ ಜಾಗ ಸ್ಟಿಂಗ್‌ಗೆ ಹೋಯ್ತು, ಚಾಂಪಿಯನ್ ಅದಕ್ಕೂ ಮೊದಲೇ ಆಡಿದ್ರು. ಡಿಸೆಂಬರಿನ ಸ್ಟಾರ್‌ಕೇಡ್‌ನಲ್ಲೂ ಅದೇ ಕಥೆ. ಅದಾಗಿ ಎರಡೇ ದಿನಕ್ಕೆ, ಡಿಸೆಂಬರ್ 30ರಂದು, ಬೆಲ್ಟ್ ಮತ್ತೆ ವೇಡರ್ ಸೊಂಟಕ್ಕೆ. ಆ ಪಟ್ಟ ಇನ್ನೊಬ್ಬ ಕಪ್ಪು ಕುಸ್ತಿಪಟು ಬುಕರ್ ಟಿ ಕೈಗೆ ಬಂದಿದ್ದು 2000ದಲ್ಲಿ.

ಸಿಮನ್ಸ್ ಅವರಿಗೆ ಪಟ್ಟ ಕೊಡಿಸಿದ್ದು ಇದೇ ವಾಟ್ಸ್. ಗಿರಾಕಿಯನ್ನ ಒಳಗೆ ಬಿಡದೇ ಇರೋ ಹಕ್ಕು ವ್ಯಾಪಾರಿಗಿದೆ ಅನ್ನೋ ಅರ್ಥದಲ್ಲಿ ಮಾತಾಡಿದ್ದ ಅವರ ಹಳೇ ಸಂದರ್ಶನ ಗದ್ದಲ ಎಬ್ಬಿಸಿತು. 1993ರ ಆರಂಭದಲ್ಲಿ ಅವರು ಹುದ್ದೆ ಬಿಟ್ಟರು. ಹೋಟೆಲಲ್ಲಿ ಬೇರೆ ಲೋಟ ಕಂಡವರಿಗೆ ಆ ‘ಹಕ್ಕು’ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಕಥೆ ನಮಗೆ ದೂರದ್ದೇನಲ್ಲ. ಮೀಸಲು ಕ್ಷೇತ್ರದಲ್ಲಿ ಗೆದ್ದ ನಮ್ಮ ಅಕ್ಕ ಪಂಚಾಯ್ತಿ ಅಧ್ಯಕ್ಷೆ ಆಗ್ತಾಳೆ, ಸಭೆ ನಡೆಸೋನು ಊರ ಗೌಡ. ಬೆಲ್ಟ್ ನಮ್ದು, ಕೊನೇ ಪಂದ್ಯ ಅವರದ್ದು.

ಹಾಗಂತ ಆ ಗೆಲುವು ಸುಳ್ಳು ಅನ್ನಬೇಡಿ. ಅವತ್ತು ಕುಣಿದ ಮಕ್ಕಳಿಗೆ ತಮ್ಮಂಥವರೂ ಗೆಲ್ಲಬಹುದು ಅಂತ ಕಣ್ಣಾರೆ ಕಂಡಿತು. ಅದನ್ನ ಸಂಭ್ರಮಿಸೋಣ. ಆದ್ರೆ ಅಲ್ಲಿಗೇ ತೃಪ್ತಿ ಬೇಡ. ಬರೆಯೋ ಪೆನ್ನು ಯಾರ ಕೈಲಿದೆ ಅಂತ ಕೇಳ್ತಾನೇ ಇರೋಣ.

ಜೈ ಭೀಮ್.