ಮುಂದಿನ ಮ್ಯಾನೇಜರು ಯಾರು?

‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದರ ಅರ್ಥವನ್ನು ಕಣ್ಣಾರೆ ಕಾಣಬೇಕೆನ್ನುವವರು, ದೊಡ್ಡದೊಂದು ಫುಟ್‌ಬಾಲ್ ಸಂಘದ ಮ್ಯಾನೇಜರು ಕೆಲಸ ಬಿಡುವರೆಂಬ ಸುದ್ದಿ ಹೊರಟ ದಿನ ವೃತ್ತಪತ್ರಿಕೆಯನ್ನು ತೆರೆದು ನೋಡಬೇಕು. ಹೋಗುವವರು ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ. ಬರುವವರಿಗೆ ಆಗಲೇ ಪಟ್ಟಾಭಿಷೇಕ ನಡೆದುಹೋಗಿರುತ್ತದೆ.

2024ನೆಯ ಇಸವಿ ಜನವರಿ 26ರಂದು ಇಂಗ್ಲೆಂಡಿನ ಲಿವರ್‌ಪೂಲ್ ಸಂಘದ ಮ್ಯಾನೇಜರಾಗಿದ್ದ ಯುರ್ಗನ್ ಕ್ಲಾಪ್ ಅವರು, ಆ ವರ್ಷದ ಪಂದ್ಯಗಳು ಮುಗಿದೊಡನೆ ತಾವು ಹೊರಡುವುದಾಗಿ ಸಾರಿದರು. ಗಣರಾಜ್ಯೋತ್ಸವದ ರಜೆ ಕಳೆದು ಶಾಲೆ ತೆರೆದಾಗ ನಮ್ಮ ಅಂಗಳದಲ್ಲೆಲ್ಲ ಅದೇ ಮಾತು. ಮುಂಬಯಿಯ ಈ ಮೂಲೆಯಲ್ಲಿ ಊಟದ ಡಬ್ಬಿ ಬಿಚ್ಚಿ ಕುಳಿತ ನಮ್ಮ ಹುಡುಗರು, ಲಿವರ್‌ಪೂಲಿನ ಆಡಳಿತ ಮಂಡಳಿಯವರು ತಾವೇ ಎಂಬಂತೆ ಗಂಭೀರವಾಗಿ ಚರ್ಚಿಸುತ್ತಿದ್ದರು. ಬಹುಮತವು ಕ್ಸಾಬಿ ಅಲೊನ್ಸೊ ಅವರ ಕಡೆಗಿತ್ತು. ಅವರು ಹಿಂದೆ ಅದೇ ಸಂಘದಲ್ಲಿ ಆಡಿದವರು. ಆಗ ಜರ್ಮನಿಯ ಲೆವರ್ಕುಸೆನ್ ತಂಡವನ್ನು ಗೆಲುವಿನ ಮೇಲೆ ಗೆಲುವಿಗೆ ನಡೆಸುತ್ತಿದ್ದವರು. ಪತ್ರಿಕೆಗಳು ಹೇಳಿದುದೂ ಅದನ್ನೇ. ಆದರೆ ಮಾರ್ಚ್ ತಿಂಗಳ ಕೊನೆಯಲ್ಲಿ ಅಲೊನ್ಸೊ ಅವರು, ತಾವು ಇದ್ದಲ್ಲಿಯೇ ಇರುವುದಾಗಿ ತಿಳಿಸಿದರು. ಮೇ ತಿಂಗಳಲ್ಲಿ ಲಿವರ್‌ಪೂಲ್ ಹಾಲೆಂಡಿನ ಫೆಯೆನೂರ್ಡ್ ತಂಡದ ಆರ್ನೆ ಸ್ಲಾಟ್ ಅವರನ್ನು ನೇಮಿಸಿತು. ಜನವರಿಯಲ್ಲಿ ನಮ್ಮ ಹುಡುಗರಲ್ಲಿ ಒಬ್ಬರ ಬಾಯಲ್ಲಿಯೂ ಇರದಿದ್ದ ಹೆಸರದು! ಸ್ಲಾಟ್ ಅವರು ಮೊದಲನೆಯ ವರ್ಷದಲ್ಲಿಯೇ, 2025ರ ಏಪ್ರಿಲಿನಲ್ಲಿ, ನಾಲ್ಕು ಪಂದ್ಯಗಳು ಇನ್ನೂ ಉಳಿದಿರುವಾಗಲೇ, ಲೀಗ್ ಪ್ರಶಸ್ತಿಯನ್ನು ಗೆದ್ದುಕೊಟ್ಟರು.

ಹಾಗಾದರೆ ಊಹಿಸುವುದೇ ತಪ್ಪೆ? ಅಲ್ಲ. ಪ್ರೀತಿ ಇದ್ದಲ್ಲಿ ಕುತೂಹಲವಿರುತ್ತದೆ. ಆಟವನ್ನು ಪ್ರೀತಿಸುವವನು ನಾಳಿನ ಮಾತನ್ನಾಡದೆ ಇರಲಾರ. ನನ್ನ ಆಕ್ಷೇಪವಿರುವುದು ನಾವು ಊಹಿಸುವ ರೀತಿಗೆ. ನಾವು ಹೆಸರುಗಳನ್ನು ತೂಗುತ್ತೇವೆ, ಕೆಲಸವನ್ನು ತೂಗುವುದಿಲ್ಲ. ಅಲ್ಲಿ ಮ್ಯಾನೇಜರೆಂದರೆ ಕಚೇರಿಯ ಲೆಕ್ಕಪತ್ರ ನೋಡುವ ಅಧಿಕಾರಿಯಲ್ಲ. ಹನ್ನೊಂದು ಮಂದಿಯನ್ನು ಆರಿಸುವವರು, ಅವರನ್ನು ಪಳಗಿಸುವವರು, ಸೋತ ದಿನ ಅವರ ಬೆನ್ನಿಗೆ ನಿಲ್ಲುವವರು ಅವರೇ. ಈ ಗುಣಗಳು ಹೆಸರಿನಲ್ಲಿ ಕಾಣುವುದಿಲ್ಲ.

ಇದಕ್ಕೆ ಅದೇ ಲಿವರ್‌ಪೂಲಿನ ಹಳೆಯ ಕಥೆಯೊಂದುಂಟು. 1974ರ ಜುಲೈ ತಿಂಗಳಲ್ಲಿ ಬಿಲ್ ಶ್ಯಾಂಕ್ಲಿ ಅವರು ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟರು. 15 ವರ್ಷಗಳಲ್ಲಿ, ಎರಡನೆಯ ದರ್ಜೆಯಲ್ಲಿದ್ದ ಸಂಘವನ್ನು ಮೊದಲ ಸಾಲಿಗೆ ತಂದವರು ಅವರು. ಅವರ ಜಾಗಕ್ಕೆ ಬಂದವರು ಬಾಬ್ ಪೇಸ್ಲಿ. ಕಲ್ಲಿದ್ದಲ ಗಣಿಯ ಸೀಮೆಯಲ್ಲಿ ಹುಟ್ಟಿ, 1939ರಲ್ಲಿ ಆಟಗಾರರಾಗಿ ಸಂಘವನ್ನು ಸೇರಿ, ಆಟ ಬಿಟ್ಟ ಮೇಲೆ ಅಲ್ಲಿಯೇ ಗಾಯಗೊಂಡವರ ಕಾಲು ನೀವುತ್ತ, ಬೂಟುಗಳನ್ನಿಡುವ ಕಿರುಕೋಣೆಯಲ್ಲಿ ಜೊತೆಯವರೊಡನೆ ಆಟದ ಒಳಗುಟ್ಟುಗಳನ್ನು ಚರ್ಚಿಸುತ್ತ ಕಾಲ ಕಳೆದ ಮಿತಭಾಷಿ ಅವರು. ಆ ಹುದ್ದೆ ಅವರಿಗೆ ಬೇಕಾಗಿಯೂ ಇರಲಿಲ್ಲ, ಒತ್ತಾಯಕ್ಕೆ ಒಪ್ಪಿದರು. ಮೊದಲ ವರ್ಷ ಯಾವ ದೊಡ್ಡ ಪ್ರಶಸ್ತಿಯೂ ಬರಲಿಲ್ಲ. ಮುಂದೆ? ಒಟ್ಟು 9 ವರ್ಷಗಳಲ್ಲಿ 6 ಲೀಗ್ ಪ್ರಶಸ್ತಿಗಳು, 3 ಯೂರೋಪಿಯನ್ ಕಪ್ಪುಗಳು! ‘ಹಿತ್ತಲ ಗಿಡ ಮದ್ದಲ್ಲ’ ಎನ್ನುವ ಜನರಿಗೆ ಆ ಹಿತ್ತಲ ಗಿಡವು ಕೊಟ್ಟ ಉತ್ತರವಿದು.

ಊಹೆಯ ಇನ್ನೊಂದು ಮುಖ ಕ್ರೂರವಾದದ್ದು. ‘ಮುಂದೆ ಯಾರು?’ ಎಂಬ ಪ್ರಶ್ನೆಯೊಳಗೆ ಅನೇಕ ವೇಳೆ ‘ಈಗಿರುವವರು ತೊಲಗಲಿ’ ಎಂಬ ಕೂಗು ಅಡಗಿರುತ್ತದೆ. ಅಲೆಕ್ಸ್ ಫರ್ಗುಸನ್ ಅವರು 1986ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸಂಘಕ್ಕೆ ಬಂದರು. ಮೂರು ವರ್ಷ ಕಳೆದರೂ ಒಂದು ಕಪ್ಪೂ ಬಾರದಿದ್ದಾಗ, ಅವರು ಹೋಗಲೆಂದು ಅಭಿಮಾನಿಗಳೇ ಮೈದಾನದಲ್ಲಿ ಬಟ್ಟೆಯ ಫಲಕವನ್ನು ಹಿಡಿದರು. ಆಡಳಿತ ಮಂಡಳಿ ತಾಳ್ಮೆಗೆಡಲಿಲ್ಲ. 1990ರಲ್ಲಿ ಮೊದಲ ಕಪ್ಪು ಬಂತು. 2013ರಲ್ಲಿ ಅವರು ನಿವೃತ್ತರಾಗುವ ವೇಳೆಗೆ 13 ಲೀಗ್ ಪ್ರಶಸ್ತಿಗಳು ಬಂದಿದ್ದವು. ಅವರೇ ಆರಿಸಿದ ಉತ್ತರಾಧಿಕಾರಿ ಡೇವಿಡ್ ಮೋಯ್ಸ್ ಅವರಿಗಾದರೋ 6 ವರ್ಷಗಳ ಕರಾರು ಕೈಯಲ್ಲಿದ್ದರೂ ಸಿಕ್ಕಿದ್ದು ಒಂದು ವರ್ಷಕ್ಕೂ ಕಡಿಮೆ ಕಾಲ. ತಂಡವು ಏಳನೆಯ ಸ್ಥಾನಕ್ಕೆ ಇಳಿದಿತ್ತು, ನಿಜ. ಆದರೆ 2014ರ ಏಪ್ರಿಲ್ 22ರಂದು ಸಂಘವು ಅವರನ್ನು ತೆಗೆದುದನ್ನು ಪ್ರಕಟಿಸುವುದಕ್ಕೆ ಹಿಂದಿನ ದಿನವೇ ಆ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿತ್ತು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಾಲದೆಂಬಂತೆ, ಮುಂದಿನ ಮ್ಯಾನೇಜರು ಯಾರಾಗುವರೆಂದು ಇಂಗ್ಲೆಂಡಿನಲ್ಲಿ ಹಣವೊಡ್ಡಿ ಜೂಜಾಡುತ್ತಾರೆ. ಒಬ್ಬರ ಅನ್ನ ಹೋಗುವ ಗಳಿಗೆ ಮತ್ತೊಬ್ಬರ ಪಂದ್ಯದ ಹಣವಾಗುವುದು ಸಭ್ಯತೆಯಲ್ಲ.

ಇದನ್ನು ನಾನು ಉಪದೇಶಕ್ಕಾಗಿ ಬರೆಯುತ್ತಿಲ್ಲ. ನನ್ನದೂ ಒಂದು ತಪ್ಪೊಪ್ಪಿಗೆಯುಂಟು. ನಾನು ಓದುತ್ತಿದ್ದ ಶಾಲೆಯಲ್ಲಿ ಆಟದ ಮಾಸ್ತರರು ನಿವೃತ್ತರಾದಾಗ, ಒಳ್ಳೆಯ ಆಟಗಾರರೆಂದು ಹೆಸರಾಗಿದ್ದ ತರುಣ ಶಿಕ್ಷಕರೊಬ್ಬರೇ ಬರುವರೆಂದು ನಾವು ನಿಶ್ಚಯಿಸಿಬಿಟ್ಟಿದ್ದೆವು. ಬಂದವರು ಚಿತ್ರಕಲೆಯ ಮಾಸ್ತರರು. ಎರಡು ಪಂದ್ಯಗಳನ್ನು ಸೋತೆವು. ಮೂರನೆಯದಕ್ಕೆ ಕಾಯದೆ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದೆವು. ಅದರ ಅಕ್ಷರ ನನ್ನದು. ಮಾಸ್ತರರು ಒಂದು ಮಾತೂ ಆಡದೆ ಆ ಕೆಲಸವನ್ನು ಬಿಟ್ಟುಕೊಟ್ಟರು. ಕೆಲವು ದಿನಗಳಲ್ಲಿ ನಮ್ಮ ಏಕೈಕ ಚೆಂಡಿನ ಹೊಲಿಗೆ ಬಿಚ್ಚಿತು. ಹೊಲಿಯುವವರು ಯಾರೂ ಇರಲಿಲ್ಲ. ಅಷ್ಟು ದಿನವೂ ಸಂಜೆ ನಾವೆಲ್ಲ ಮನೆಗೆ ಹೋದ ಮೇಲೆ ದಬ್ಬಣ ಹಿಡಿದು ಅದನ್ನು ಹೊಲಿದಿಡುತ್ತಿದ್ದವರು ಅವರೇ ಎಂದು ಜವಾನನಿಂದ ತಿಳಿಯಿತು. ಅವರ ಬಳಿಗೆ ಹೋಗಿ ಕ್ಷಮೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಆದುದರಿಂದ, ವಿದ್ಯಾರ್ಥಿ ಮಿತ್ರರೆ, ಮುಂದಿನ ಸಲ ಯಾವುದೇ ಸಂಘಕ್ಕೆ, ಇಲ್ಲವೆ ನಿಮ್ಮ ತರಗತಿಗೇ, ‘ಮುಂದೆ ಯಾರು?’ ಎಂಬ ಪ್ರಶ್ನೆ ಬಂದಾಗ ಧಾರಾಳವಾಗಿ ಊಹಿಸಿರಿ, ವಾದಿಸಿರಿ. ಆದರೆ ಊಹೆಯನ್ನು ಸುದ್ದಿಯೆಂದು ಹರಡಬೇಡಿರಿ. ಬಂದವರು ನೀವು ಬಯಸಿದವರಲ್ಲವೆಂಬ ಕಾರಣಕ್ಕೆ ಅರ್ಜಿ ಬರೆಯಲು ಕೂಡಬೇಡಿರಿ. ಮೊದಲು ಚೆಂಡನ್ನು ಹೊಲಿಯುತ್ತಿರುವವರು ಯಾರೆಂದು ವಿಚಾರಿಸಿರಿ.